ಹಳೆಯ ಕಟ್ಟಡ, ಹೊಸ ಗ್ರಂಥಾಲಯ: ಬೆಲ್ವೆಡೇರ್ ಅರಮನೆ ಕಲಿಸುವ ಪಾಠಗಳು

ನಮ್ಮ ನಾಡಿನ ಬಹುತೇಕ ಊರುಗಳಲ್ಲಿ ಬಳಕೆ ತಪ್ಪಿದ ಒಂದು ಹಳೆಯ ಕಟ್ಟಡ ಇದ್ದೇ ಇರುತ್ತದೆ. ಕೆಲವೆಡೆ ಅದು ದೇಸಗತಿಯ ವಾಡೆ, ಕೆಲವೆಡೆ ಬ್ರಿಟಿಷರ ಕಾಲದ ಶಾಲೆ ಅಥವಾ ಕಚೇರಿ, ಇನ್ನು ಕೆಲವೆಡೆ ಮಠದ್ದೇ ಆದ ಹಳೆಯ ಪ್ರಸಾದ ನಿಲಯ. ಕಂಬಗಳು ಗಟ್ಟಿಯಾಗಿರುತ್ತವೆ, ಮಾಳಿಗೆ ಸೋರುತ್ತಿರುತ್ತದೆ, ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಅದನ್ನು ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟಿದರೆ ಬಾಡಿಗೆ ಬರುತ್ತದೆ ಎಂಬ ಮಾತು ಮೊದಲು ಹುಟ್ಟುತ್ತದೆ. ಅದನ್ನೇ ದುರಸ್ತಿ ಮಾಡಿ ಊರಿಗೊಂದು ಗ್ರಂಥಾಲಯ ಮಾಡಬಾರದೇಕೆ ಎಂಬ ಮಾತು ತಡವಾಗಿ ಕೇಳಿಬರುತ್ತದೆ, ಹಲವು ಸಲ ಕಟ್ಟಡ ಬಿದ್ದ ಮೇಲೆ.

ಈ ಎರಡನೆಯ ಮಾತಿಗೆ ಬಲ ಬರಬೇಕಾದರೆ ಸದಾಶಯವೊಂದೇ ಸಾಲದು. ಹಳೆಯ ಕಟ್ಟಡವು ಪುಸ್ತಕಗಳ ಭಾರವನ್ನು ತಾಳೀತೆ, ತೇವವನ್ನು ತಡೆಯುವುದು ಹೇಗೆ, ಕಾನೂನು ಏನು ಹೇಳುತ್ತದೆ, ಓದುಗರು ಯಾರು ಎಂಬ ಪ್ರಶ್ನೆಗಳಿಗೆ ಮೊದಲೇ ಉತ್ತರ ಸಿದ್ಧವಿರಬೇಕು. ಹಾಗಾಗಿ ನಾವು ಈ ಲೇಖನದಲ್ಲಿ ಕೋಲ್ಕತ್ತೆಯ ಬೆಲ್ವೆಡೇರ್ ಅರಮನೆಯು ಭಾರತದ ರಾಷ್ಟ್ರೀಯ ಗ್ರಂಥಾಲಯವಾದ ಬಗೆಯನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ. ಅದರ ಜೊತೆಗೆ ನ್ಯೂಯಾರ್ಕಿನ ಒಂದು ಹಳೆಯ ನ್ಯಾಯಾಲಯದ ಕಥೆಯನ್ನೂ ನಮ್ಮ ನಾಡಿನ ಅನುಭವವನ್ನೂ ಸೇರಿಸಿ, ಕೊನೆಯಲ್ಲಿ ಇಂಥ ಕಾರ್ಯಕ್ಕೆ ಕೈಹಾಕುವ ಸಮಿತಿಗಳು ಅನುಸರಿಸಬಹುದಾದ ಕ್ರಮವನ್ನು ನೀಡಿದ್ದೇವೆ.

ಆಳುವವರ ಮನೆ

ಬೆಲ್ವೆಡೇರ್ ಕೋಲ್ಕತ್ತೆಯ ಆಲಿಪುರದಲ್ಲಿದೆ. ಸುಮಾರು 30 ಎಕರೆ ವಿಸ್ತಾರದ ಆವರಣದ ನಡುವೆ, ಎತ್ತರವಾದ ಕಂಬಗಳ ಸಾಲು, ಅಗಲವಾದ ಮೆಟ್ಟಿಲುಗಳು ಮತ್ತು ವಿಶಾಲವಾದ ಸಭಾಂಗಣಗಳನ್ನು ಹೊಂದಿದ ಈ ಭವನವು ಹದಿನೆಂಟನೆಯ ಶತಮಾನದಿಂದಲೂ ಆಳುವವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೂ ಈ ಸ್ಥಳಕ್ಕೂ ನಂಟಿತ್ತು. 1780ರ ಆಗಸ್ಟ್ 17ರಂದು ಹೇಸ್ಟಿಂಗ್ಸ್ ಮತ್ತು ಆತನ ಆಡಳಿತ ಮಂಡಳಿಯ ಸದಸ್ಯ ಫಿಲಿಪ್ ಫ್ರಾನ್ಸಿಸ್ ಪಿಸ್ತೂಲು ಹಿಡಿದು ದ್ವಂದ್ವಯುದ್ಧ ನಡೆಸಿದ್ದು ಇದರ ಸಮೀಪದಲ್ಲಿಯೇ. ಫ್ರಾನ್ಸಿಸ್ ಗಾಯಗೊಂಡನು, ಆದರೆ ಬದುಕಿ ಉಳಿದನು.

1854ರಲ್ಲಿ ಈ ಭವನವು ಬಂಗಾಳದ ಲೆಫ್ಟಿನೆಂಟ್ ಗವರ್ನರರ ಅಧಿಕೃತ ನಿವಾಸವಾಯಿತು. ರಾಜಧಾನಿ ದೆಹಲಿಗೆ ಸ್ಥಳಾಂತರಗೊಂಡ ಮೇಲೆ ಬಂಗಾಳದ ಗವರ್ನರರು ನಗರದ ನಡುವಿನ ಸರ್ಕಾರಿ ಭವನಕ್ಕೆ ಹೋದರು. ಬೆಲ್ವೆಡೇರ್ ಅಂದಿನಿಂದ ವೈಸರಾಯ್ ಕೋಲ್ಕತ್ತೆಗೆ ಬಂದಾಗ ಮಾತ್ರ ತಂಗುವ ಮನೆಯಾಯಿತು. ಅಂದರೆ ವರ್ಷದ ಬಹುಕಾಲ ಖಾಲಿ ಇರುವ, ಆದರೆ ಸಾಮಾನ್ಯರು ಹೆಜ್ಜೆ ಇಡಲಾಗದ ಅರಮನೆ.

ಗ್ರಂಥಾಲಯದ ಪಯಣ

ಇತ್ತ ಗ್ರಂಥಾಲಯದ ಕಥೆ ಬೇರೆಯದೇ ದಾರಿಯಲ್ಲಿ ಸಾಗಿತ್ತು. 1836ರಲ್ಲಿ ಕಲ್ಕತ್ತಾ ಸಾರ್ವಜನಿಕ ಗ್ರಂಥಾಲಯ ಸ್ಥಾಪನೆಯಾಯಿತು. ಫೋರ್ಟ್ ವಿಲಿಯಂ ಕಾಲೇಜಿನ ಸಂಗ್ರಹದಿಂದ ಬಂದ 4,675 ಸಂಪುಟಗಳು ಅದರ ಮೂಲಧನವಾದವು. 1891ರಲ್ಲಿ ಸರ್ಕಾರದ ವಿವಿಧ ಕಾರ್ಯಾಲಯಗಳ ಗ್ರಂಥಾಲಯಗಳನ್ನು ಒಗ್ಗೂಡಿಸಿ ಇಂಪೀರಿಯಲ್ ಗ್ರಂಥಾಲಯವನ್ನು ರೂಪಿಸಲಾಯಿತು. ಲಾರ್ಡ್ ಕರ್ಜನ್ ಕಾಲದಲ್ಲಿ ಇವೆರಡೂ ಒಂದಾಗಿ, 1903ರ ಜನವರಿ 30ರಂದು ಮೆಟ್‌ಕಾಫ್ ಹಾಲಿನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಪುಸ್ತಕಗಳು ಹೆಚ್ಚಿದಂತೆ ಆ ಕಟ್ಟಡ ಸಾಲದಾಯಿತು, ಗ್ರಂಥಾಲಯ ಎಸ್‌ಪ್ಲನೇಡ್ ಪ್ರದೇಶಕ್ಕೆ ಸ್ಥಳಾಂತರವಾಯಿತು.

ಸ್ವಾತಂತ್ರ್ಯದ ನಂತರ 1948ರಲ್ಲಿ ಕಾಯಿದೆಯೊಂದರ ಮೂಲಕ ಇಂಪೀರಿಯಲ್ ಗ್ರಂಥಾಲಯಕ್ಕೆ ರಾಷ್ಟ್ರೀಯ ಗ್ರಂಥಾಲಯ ಎಂಬ ಹೆಸರು ಬಂದಿತು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಗಿ ಅದು ಸ್ಥಾನ ಪಡೆಯಿತು. ಅದರ ವಾಸಕ್ಕೆ ಬೆಲ್ವೆಡೇರ್ ಅರಮನೆಯನ್ನೇ ಬಿಟ್ಟುಕೊಡಲಾಯಿತು. 1953ರ ಫೆಬ್ರುವರಿ 1ರಂದು ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದರು ಅದನ್ನು ಜನರಿಗೆ ತೆರೆದರು. ವೈಸರಾಯ್‌ಗಳ ಕಾಲದಲ್ಲಿ ನರ್ತನ ನಡೆಯುತ್ತಿದ್ದ ಸಭಾಂಗಣವು ವಾಚನಾಲಯವಾಯಿತು. ಆಮಂತ್ರಣ ಪತ್ರವಿಲ್ಲದೆ ಯಾರೂ ಪ್ರವೇಶಿಸಲಾಗದಿದ್ದ ಕೋಣೆಯಲ್ಲಿ ವಿದ್ಯಾರ್ಥಿಗಳು ಮೇಜಿಗೆ ಮೊಣಕೈಯೂರಿ ಓದತೊಡಗಿದರು. ಸ್ವತಂತ್ರ ಭಾರತದ ಈ ಗ್ರಂಥಾಲಯದ ಮೊದಲ ಮುಖ್ಯ ಗ್ರಂಥಪಾಲಕರಾಗಿದ್ದ ಬಿ. ಎಸ್. ಕೇಶವನ್ ಅವರು ಮೊದಲು ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು. ಅವರ ಹೆಸರಿನ ಮೊದಲಕ್ಷರದಲ್ಲಿರುವ ಊರು ನಮ್ಮ ಬಳ್ಳಾರಿ.

ಕನ್ನಡಿಗರಿಗೆ ಈ ಅರಮನೆಯೊಂದಿಗೆ ಇನ್ನೂ ಹತ್ತಿರದ ಸಂಬಂಧವಿದೆ. 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲಿ ಇಲ್ಲಿಗೆ ಕಳುಹಿಸಬೇಕು. ಮಠಗಳು ಪ್ರಕಟಿಸುವ ವಚನ ಸಂಪುಟ, ಸ್ಮರಣ ಸಂಚಿಕೆ, ಪುರಾಣ ಗ್ರಂಥಗಳೂ ಈ ನಿಯಮಕ್ಕೆ ಒಳಪಡುತ್ತವೆ. ಅಲ್ಲಿ ಕನ್ನಡಕ್ಕೆ ಪ್ರತ್ಯೇಕ ವಿಭಾಗವಿದೆ. ಇಂದು ನಾವು ಅಚ್ಚು ಹಾಕಿಸುವ ಕೃತಿಯ ಒಂದು ಪ್ರತಿಯನ್ನು ಕಳುಹಿಸದೆ ಉದಾಸೀನ ಮಾಡಿದರೆ, ನಾಳಿನ ಸಂಶೋಧಕನಿಗೆ ಆ ಕೃತಿ ಇರಲೇ ಇಲ್ಲವೆಂಬಂತಾಗುತ್ತದೆ. ನಮ್ಮ ಪ್ರಕಟಣ ವಿಭಾಗಗಳು ಇದನ್ನು ಗಮನಿಸಬೇಕು.

ಅರಮನೆ ಕಲಿಸಿದ ಎರಡು ಪಾಠಗಳು

ಮೊದಲನೆಯದು ಭಾರದ ಪಾಠ. ಅರಮನೆಯನ್ನು ಕಟ್ಟಿದವರು ಅತಿಥಿಗಳನ್ನೂ ಪೀಠೋಪಕರಣಗಳನ್ನೂ ಲೆಕ್ಕ ಹಾಕಿದ್ದರೇ ಹೊರತು ಲಕ್ಷಾಂತರ ಪುಸ್ತಕಗಳನ್ನಲ್ಲ. ಗ್ರಂಥಾಲಯ ಎಂದಿಗೂ ನಿಂತಲ್ಲಿ ನಿಲ್ಲುವುದಿಲ್ಲ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಗ್ರಂಥಾಲಯ ವಿಜ್ಞಾನದ ಆಚಾರ್ಯ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕೊನೆಯದು ಈ ಬೆಳವಣಿಗೆಯನ್ನು ಕುರಿತದ್ದೇ. ಬೆಲ್ವೆಡೇರ್ ಕೂಡ ಕಾಲಾಂತರದಲ್ಲಿ ಈ ಬೆಳವಣಿಗೆಗೆ ಸಾಲದಾಯಿತು. ಅದೇ ಆವರಣದಲ್ಲಿ ಭಾಷಾ ಭವನ ಎಂಬ ಹೊಸ ಕಟ್ಟಡ ಎದ್ದಿತು, ಪುಸ್ತಕಗಳೂ ವಾಚನಾಲಯವೂ ಅಲ್ಲಿಗೆ ಹೋದವು. ಹಳೆಯ ಅರಮನೆಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಸಂರಕ್ಷಣೆಗೆ ಎತ್ತಿಕೊಂಡಿತು. ಹಳೆಯದನ್ನು ಕೆಡವದೆ, ಅದರ ಮೇಲೆ ಭಾರವನ್ನೂ ಹೇರದೆ, ಪಕ್ಕದಲ್ಲಿ ಹೊಸದನ್ನು ಕಟ್ಟಿದ್ದು ವಿವೇಕದ ನಡೆ.

ಎರಡನೆಯದು ಅರಿಯದೆ ಮುಟ್ಟಬಾರದು ಎಂಬ ಪಾಠ. 2010ರಲ್ಲಿ ಸಂರಕ್ಷಣಾ ಕಾರ್ಯ ನಡೆಯುತ್ತಿದ್ದಾಗ ನೆಲಮಹಡಿಯಲ್ಲಿ ಬಾಗಿಲೂ ಕಿಟಕಿಯೂ ಇಲ್ಲದ ಒಂದು ಕೋಣೆ ಇರುವುದು ತಿಳಿದುಬಂದಿತು. ನಿಧಿ ಇರಬಹುದೆಂದೂ ಕೈದಿಗಳನ್ನು ಕೂಡಿಹಾಕುತ್ತಿದ್ದ ಸ್ಥಳವಿರಬಹುದೆಂದೂ ಪತ್ರಿಕೆಗಳಲ್ಲಿ ಬಗೆಬಗೆಯ ಊಹೆಗಳು ಬಂದವು. 2011ರಲ್ಲಿ ಪರಿಶೀಲಿಸಿದಾಗ ಅದರ ತುಂಬ ಇದ್ದದ್ದು ಬರಿಯ ಮಣ್ಣು. ಮೇಲಿನ ಕಟ್ಟಡಕ್ಕೆ ಆಧಾರವಾಗಲೆಂದು ಹಿಂದಿನವರು ಮಣ್ಣು ತುಂಬಿರಬೇಕೆಂಬುದು ತಜ್ಞರ ವಿವರಣೆ. ಊಹೆಯ ಬೆನ್ನುಹತ್ತಿ ಯಾರಾದರೂ ಆ ಮಣ್ಣನ್ನು ತೋಡಿ ತೆಗೆದಿದ್ದರೆ ಮೇಲಿನ ಗೋಡೆಗಳಿಗೆ ಅಪಾಯ ಒದಗುತ್ತಿತ್ತು. ಹಳೆಯ ಕಟ್ಟಡದಲ್ಲಿ ವ್ಯರ್ಥವೆಂದು ತೋರುವ ವಸ್ತುವೂ ಒಂದು ಕಾಯಕ ಮಾಡುತ್ತಿರಬಹುದು. ಆ ಕಾಯಕ ಯಾವುದೆಂದು ತಿಳಿಯುವವರೆಗೆ ಕೈ ಹಚ್ಚಬಾರದು.

ಸೆರೆಮನೆಯಲ್ಲಿ ವಾಚನಾಲಯ

ನ್ಯೂಯಾರ್ಕ್ ನಗರದ ಗ್ರೀನಿಚ್ ವಿಲೇಜ್ ಪ್ರದೇಶದಲ್ಲಿ ಜೆಫರ್ಸನ್ ಮಾರ್ಕೆಟ್ ಎಂಬ ಕೆಂಪು ಇಟ್ಟಿಗೆಯ ಕಟ್ಟಡವಿದೆ. 1877ರಲ್ಲಿ ನ್ಯಾಯಾಲಯವಾಗಿ ಪೂರ್ಣಗೊಂಡ ಈ ಕಟ್ಟಡವನ್ನು ಫ್ರೆಡೆರಿಕ್ ವಿದರ್ಸ್ ಮತ್ತು ಕಾಲ್ವರ್ಟ್ ವಾಕ್ಸ್ ಎಂಬ ವಾಸ್ತುಶಿಲ್ಪಿಗಳು ರೂಪಿಸಿದರು. 1945ರಲ್ಲಿ ನ್ಯಾಯಾಲಯದ ಕಲಾಪ ನಿಂತಿತು. ಬಳಕೆ ತಪ್ಪಿದ ಕಟ್ಟಡವನ್ನು ಕೆಡವುವ ಯೋಚನೆ 1950ರ ದಶಕದಲ್ಲಿ ಬಲಗೊಂಡಿತು.

ಆಗ ಸುತ್ತಲಿನ ನಿವಾಸಿಗಳು ಒಗ್ಗೂಡಿದರು. ಮಾರ್ಗೊ ಗೇಲ್ ಎಂಬ ಮಹಿಳೆ ಮುಂಚೂಣಿಯಲ್ಲಿದ್ದ ಆ ಚಳವಳಿಯು ಇಡೀ ಕಟ್ಟಡವನ್ನು ಉಳಿಸಿ ಎಂದು ಕೂಗುವ ಮೊದಲು ಒಂದು ಚಿಕ್ಕ ಬೇಡಿಕೆ ಇಟ್ಟಿತು: ಗೋಪುರದ ನಿಂತುಹೋದ ಗಡಿಯಾರವನ್ನು ನಡೆಯುವಂತೆ ಮಾಡಿ. ಗಡಿಯಾರ ನಡೆಯತೊಡಗಿದಾಗ ಜನರ ಕಣ್ಣು ಮತ್ತೆ ಕಟ್ಟಡದ ಮೇಲೆ ಬಿದ್ದಿತು. ಬಳಿಕ ನಗರಾಡಳಿತ ಅದನ್ನು ಗ್ರಂಥಾಲಯವನ್ನಾಗಿ ಮಾಡಲು ಒಪ್ಪಿತು. ವಾಸ್ತುಶಿಲ್ಪಿ ಜಾರ್ಜೊ ಕವಾಲ್ಯೇರಿ ಅವರ ಯೋಜನೆಯಂತೆ ಮಾರ್ಪಾಡಾಗಿ 1967ರಲ್ಲಿ ಗ್ರಂಥಾಲಯ ಆರಂಭವಾಯಿತು. ಪೊಲೀಸ್ ನ್ಯಾಯಾಲಯ ನಡೆಯುತ್ತಿದ್ದ ಕೋಣೆ ಮಕ್ಕಳ ವಿಭಾಗವಾಯಿತು, ಮೇಲಿನ ಸಿವಿಲ್ ನ್ಯಾಯಾಲಯ ದೊಡ್ಡವರ ವಾಚನಾಲಯವಾಯಿತು. ವಿಚಾರಣೆಗೆ ಮೊದಲು ಕೈದಿಗಳನ್ನು ಇರಿಸುತ್ತಿದ್ದ, ಇಟ್ಟಿಗೆಯ ಕಮಾನುಗಳುಳ್ಳ ನೆಲಮಾಳಿಗೆಯು ಪರಾಮರ್ಶನ ಕೊಠಡಿಯಾಯಿತು. ಬಣ್ಣದ ಗಾಜಿನ ಕಿಟಕಿಗಳೂ ಗೋಪುರದ ಸುರುಳಿ ಮೆಟ್ಟಿಲುಗಳೂ ಹಾಗೆಯೇ ಉಳಿದವು.

ಆದರೂ ಆ ಸುಂದರ ಮೆಟ್ಟಿಲುಗಳು ಗಾಲಿಕುರ್ಚಿಯಲ್ಲಿ ಬರುವವರಿಗೆ ಗೋಡೆಯೇ ಆಗಿದ್ದವು. 2022ರಲ್ಲಿ ಮುಗಿದ ನವೀಕರಣದಲ್ಲಿ ಇಳಿಜಾರಿನ ಪ್ರವೇಶವನ್ನೂ ಲಿಫ್ಟ್ ವ್ಯವಸ್ಥೆಯನ್ನೂ ಸರಿಪಡಿಸಲಾಯಿತು. ಆರಂಭದಲ್ಲಿಯೇ ಯೋಚಿಸಬೇಕಾದದ್ದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಈ ತಪ್ಪನ್ನು ನಾವು ಮೊದಲ ದಿನವೇ ತಪ್ಪಿಸಬಹುದು.

ನಮ್ಮ ನಾಡಿನ ಪರಂಪರೆ

ಹಳೆಯ ಕಟ್ಟಡ ಮತ್ತು ಗ್ರಂಥಗಳ ಸಹವಾಸ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯವು ದಿವಾನ್ ಶೇಷಾದ್ರಿ ಅಯ್ಯರ್ ಅವರ ಸ್ಮಾರಕ ಭವನದಲ್ಲಿದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1891ರಲ್ಲಿ ಆರಂಭವಾದ ಸಂಸ್ಥೆ, ಅದರ ನೆಲೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ನೆನಪಿಗೆ ಕಟ್ಟಿದ ಜ್ಯೂಬಿಲಿ ಭವನ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು ಅದೇ ಸಂಸ್ಥೆಯಿಂದ.

ನಮ್ಮ ಪರಂಪರೆಗೆ ಇನ್ನೂ ಆಪ್ತವಾದ ನೆನಪು ಫ. ಗು. ಹಳಕಟ್ಟಿಯವರದು. ವಕೀಲಿ ವೃತ್ತಿಯಲ್ಲಿದ್ದ ಅವರು ಊರೂರು ಅಲೆದು, ಮಠ ಮತ್ತು ಮನೆಗಳಲ್ಲಿದ್ದ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಮುದ್ರಣಕ್ಕೆಂದು ಸ್ವಂತ ಮನೆಯನ್ನು ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅವರಿಗೆ ದೊರೆತ ಅನೇಕ ಕಟ್ಟುಗಳು ಅದುವರೆಗೆ ಪೂಜೆ ಪಡೆಯುತ್ತಿದ್ದವು, ಓದನ್ನಲ್ಲ. ವಸ್ತ್ರದಲ್ಲಿ ಸುತ್ತಿ, ವಿಭೂತಿ ಹಚ್ಚಿ, ಹೂವೇರಿಸಿ, ಮರಳಿ ಜಗುಲಿಯ ಮೇಲೆ ಇಡುವುದೇ ಭಕ್ತಿ ಎನಿಸಿಕೊಂಡಿತ್ತು. ಜನರ ಮಾತಿನಲ್ಲಿ ಜನರಿಗಾಗಿಯೇ ಹುಟ್ಟಿದ ವಚನಗಳು ಶತಮಾನಗಳ ಕಾಲ ಗಂಟಿನೊಳಗೆ ಮೌನವಾಗಿದ್ದವು. ಎಷ್ಟೋ ಗಂಟುಗಳು ಗೆದ್ದಲಿಗೆ ಆಹಾರವಾದವು.

ಈ ಲೇಖನದ ಆಶಯವೂ ಇಲ್ಲಿಯೇ ಇದೆ. ಬೀಗ ಬಿದ್ದ ಕಟ್ಟಡ ಮತ್ತು ಬಿಚ್ಚದ ಗಂಟು ಎರಡೂ ಒಂದೇ ರೋಗದ ಎರಡು ಲಕ್ಷಣಗಳು. ಗೌರವವಿದೆ, ಬಳಕೆಯಿಲ್ಲ. ಬಳಕೆಯಿಲ್ಲದ ಗೌರವ ವಸ್ತುವನ್ನು ಉಳಿಸುವುದಿಲ್ಲ ಎಂಬುದನ್ನು ಮಠಗಳಾದ ನಾವು ಮೊದಲು ಒಪ್ಪಿಕೊಳ್ಳಬೇಕು.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ಸಂಗ್ರಹಿಸಲು ಅವಕಾಶ ಕಲ್ಪಿಸಿದೆ. ಇತ್ತೀಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ಶರಣರಿಗೆ ಅತ್ಯಂತ ಪ್ರಿಯವಾದ ಪದವೊಂದು ಇಂದು ಹಳ್ಳಿಹಳ್ಳಿಯ ಫಲಕದ ಮೇಲಿದೆ. ಆ ಪದಕ್ಕೆ ತಕ್ಕ ಸ್ಥಳವನ್ನು ಒದಗಿಸುವುದರಲ್ಲಿ ಮಠಗಳ ಹಳೆಯ ಕಟ್ಟಡಗಳು ನೆರವಾಗಬಲ್ಲವು.

ಕಾರ್ಯದ ಕ್ರಮ

*ದಾಖಲೆ ಮತ್ತು ಅನುಮತಿ.* ಮೊದಲು ಕಟ್ಟಡದ ಅಳತೆ ತೆಗೆದು ನಕ್ಷೆ ಬರೆಯಿಸಬೇಕು. ಪ್ರತಿ ಕೋಣೆಯ ಛಾಯಾಚಿತ್ರ ಇರಬೇಕು. ಗೋಡೆಯ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ಮಳೆಗಾಲ, ಬೇಸಿಗೆ ಎರಡನ್ನೂ ನೋಡಬೇಕು. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಆಸ್ತಿಯ ಪತ್ರಗಳು ಯಾರ ಹೆಸರಿನಲ್ಲಿವೆ ಎಂಬುದು ಕೆಲಸಕ್ಕೆ ಮೊದಲೇ ಇತ್ಯರ್ಥವಾಗಬೇಕು. ಕಟ್ಟಡವು ಸಂರಕ್ಷಿತ ಸ್ಮಾರಕವಾಗಿದ್ದರೆ 1958ರ ಕೇಂದ್ರ ಕಾಯಿದೆ ಅಥವಾ 1961ರ ರಾಜ್ಯ ಕಾಯಿದೆ ಅನ್ವಯಿಸುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಈ ವಲಯಗಳಲ್ಲಿ ದುರಸ್ತಿಗೂ ಅನುಮತಿ ಬೇಕು.

*ಭಾರ.* ಭಾರತೀಯ ಮಾನಕ 875ರ ಎರಡನೆಯ ಭಾಗದ ಪ್ರಕಾರ ವಾಸದ ಮನೆಯ ನೆಲವು ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹೊರುವಂತಿದ್ದರೆ ಸಾಕು. ಪುಸ್ತಕಗಳ ಸಂಗ್ರಹ ಬೇರೆ ಕಡೆ ಇರುವ ವಾಚನಾಲಯಕ್ಕೆ ಸುಮಾರು 300 ಕಿಲೋ, ಪುಸ್ತಕಗಳೂ ಜೊತೆಗಿರುವ ವಾಚನಾಲಯಕ್ಕೆ ಸುಮಾರು 400 ಕಿಲೋ ಹೊರುವ ಶಕ್ತಿ ಬೇಕು. ಕಪಾಟುಗಳನ್ನು ಒತ್ತೊತ್ತಾಗಿ ಜೋಡಿಸುವ ಸಂಗ್ರಹ ಕೊಠಡಿಗೆ ಕಪಾಟಿನ ಎತ್ತರ 2.2 ಮೀಟರ್ ಇದ್ದರೆ ಸುಮಾರು 600 ಕಿಲೋ ಬೇಕು, ಎತ್ತರ ಹೆಚ್ಚಿದರೆ ಇನ್ನೂ ಹೆಚ್ಚು. ಅಂದರೆ ಮನೆಗಾಗಿ ಕಟ್ಟಿದ ಅಟ್ಟ ಅಥವಾ ಮೇಲಂತಸ್ತು ಪುಸ್ತಕ ಸಂಗ್ರಹಕ್ಕೆ ಬೇಕಾದುದರ ಮೂರನೆಯ ಒಂದು ಭಾಗವನ್ನಷ್ಟೇ ಹೊರಬಲ್ಲದು. ಆದ್ದರಿಂದ ಸಂಗ್ರಹವನ್ನು ನೆಲಮಟ್ಟದಲ್ಲಿಯೂ ಓದುವ ಮೇಜುಗಳನ್ನು ಮೇಲಂತಸ್ತಿನಲ್ಲಿಯೂ ಇಡುವುದು ಉತ್ತಮ. ಮೇಲೆ ಕಪಾಟು ಅನಿವಾರ್ಯವಾದರೆ ಜಂತಿ, ತೊಲೆ, ಕಂಬಗಳನ್ನು ರಚನಾ ಇಂಜಿನಿಯರರು ಪರೀಕ್ಷಿಸಿ ಲಿಖಿತವಾಗಿ ಒಪ್ಪಿಗೆ ಕೊಟ್ಟ ಮೇಲೆಯೇ ಮುಂದುವರಿಯಬೇಕು.

*ನೀರು ಮತ್ತು ಗಾರೆ.* ಹಳೆಯ ಕಟ್ಟಡಗಳನ್ನು ಹಾಳುಮಾಡುವ ಮೊದಲ ಶತ್ರು ನೀರು, ಎರಡನೆಯದು ಸಿಮೆಂಟು. ಮಣ್ಣು, ಕಲ್ಲು, ಇಟ್ಟಿಗೆಯ ಹಳೆಯ ಗೋಡೆಗಳು ನೆಲದ ತೇವವನ್ನು ಹೀರಿ ಸುಣ್ಣದ ಗಾರೆಯ ಮೂಲಕ ಹೊರಬಿಡುತ್ತವೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಹೊರಹೋಗಲಾಗದೆ ಒಳಗೇ ನಿಲ್ಲುತ್ತದೆ. ಉಪ್ಪು ಬಿಡುತ್ತದೆ, ಗೋಡೆ ಉದುರುತ್ತದೆ, ಪಕ್ಕದ ಕಪಾಟಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಆಗಬೇಕು. ಸುಣ್ಣವನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಹದಗೊಳಿಸಿ, ಬೆಲ್ಲದ ನೀರು ಮತ್ತು ಅಳಲೆಕಾಯಿಯ ರಸ ಬೆರೆಸುವ ಕೆಲಸ ಬಲ್ಲ ಗೌಂಡಿಗಳು ಇಂದು ವಿರಳ. ಅಂಥ ಹಿರಿಯರು ದೊರೆತರೆ ಅವರ ಕೈಕೆಳಗೆ ಊರಿನ ಇಬ್ಬರು ಯುವಕರಿಗೆ ಕಲಿಸುವ ಏರ್ಪಾಡು ಮಾಡಬೇಕು. ಗೋಡೆಯ ಕೆಲಸಕ್ಕೆ ಮೊದಲು ಮಾಳಿಗೆಯ ಸೋರಿಕೆ, ಮಳೆನೀರಿನ ಕೊಳವೆ, ಗೋಡೆಯ ಬುಡದಲ್ಲಿ ನಿಲ್ಲುವ ನೀರು ಇವುಗಳನ್ನು ಸರಿಪಡಿಸಬೇಕು. ಒಂದು ಮಳೆಗಾಲ ಕಳೆದು ಕಟ್ಟಡ ಒಣಗಿದ ಮೇಲೆಯೇ ಪುಸ್ತಕಗಳು ಒಳಗೆ ಬರಬೇಕು. ಉದ್ಘಾಟನೆಯ ಮುಹೂರ್ತಕ್ಕಾಗಿ ಈ ಕ್ರಮವನ್ನು ಮುರಿಯಬಾರದು.

*ಗಾಳಿ, ಬೆಳಕು, ಹುಳು.* ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65ನ್ನು ಮೀರಿ ಬಹುಕಾಲ ನಿಂತರೆ ಬೂಷ್ಟು ಬೆಳೆಯುತ್ತದೆ. ಹಳೆಯ ಕಟ್ಟಡಗಳ ಎತ್ತರದ ಛಾವಣಿ, ಎದುರುಬದುರು ಕಿಟಕಿ, ನಡುವಿನ ತೊಟ್ಟಿ ಇವೆಲ್ಲ ಗಾಳಿಯಾಡಲು ಮಾಡಿದ ಉಪಾಯಗಳು. ಅವನ್ನು ಮುಚ್ಚಿ ಹವಾನಿಯಂತ್ರಣ ಯಂತ್ರ ಹಾಕಿ, ರಾತ್ರಿ ಅದನ್ನು ನಿಲ್ಲಿಸಿದರೆ ಪುಸ್ತಕಗಳಿಗೆ ಕೆಡುಕೇ ಹೆಚ್ಚು. ಕಪಾಟುಗಳನ್ನು ಗೋಡೆಗೆ ಅಂಟಿಸದೆ ಅಂಗೈ ಅಗಲದ ಅಂತರ ಬಿಡಬೇಕು, ನೆಲದಿಂದಲೂ ಗೇಣಷ್ಟು ಮೇಲಿರಿಸಬೇಕು. ನೇರ ಬಿಸಿಲು ಕಾಗದವನ್ನು ಸುಡುತ್ತದೆ, ಹಾಗಾಗಿ ಕಿಟಕಿಯ ಬಳಿ ಓದುಗರಿರಲಿ, ಕಪಾಟುಗಳು ಒಳಗಿರಲಿ. ಗೆದ್ದಲಿನ ಚಿಕಿತ್ಸೆ ಅಡಿಪಾಯದ ಸುತ್ತಲಿನ ಮಣ್ಣಿನಿಂದ ಆರಂಭವಾಗಬೇಕು.

*ವಿದ್ಯುತ್ತು ಮತ್ತು ಬೆಂಕಿ.* ಮರದ ಜಂತಿ ಮತ್ತು ಕಾಗದ ಸೇರಿದ ಕಟ್ಟಡದಲ್ಲಿ ಹಳೆಯ ತಂತಿಗಳನ್ನು ಉಳಿಸಿಕೊಳ್ಳುವುದು ಅಪಾಯ. ಎಲ್ಲವನ್ನೂ ತೆಗೆದು ಹೊಸ ತಂತಿಯನ್ನು ಕೊಳವೆಯೊಳಗೆ ಎಳೆದು, ಸೋರಿಕೆ ತಡೆಯುವ ಸ್ವಿಚ್ ಅಳವಡಿಸಬೇಕು. ಹೊಗೆ ಪತ್ತೆ ಸಾಧನ ಇರಬೇಕು, ಹಸ್ತಪ್ರತಿಗಳ ಬಳಿ ನೀರಿಗೆ ಬದಲಾಗಿ ಅನಿಲದ ಅಗ್ನಿಶಾಮಕ ಇರಬೇಕು. ಗ್ರಂಥಾಲಯದೊಳಗೆ ದೀಪ, ಊದುಬತ್ತಿ, ಕರ್ಪೂರ ಯಾವುದೂ ಬೇಡ. ಈ ಮಾತನ್ನು ಮಠವೇ ಹೇಳಿದರೆ ಭಕ್ತರು ಒಪ್ಪುತ್ತಾರೆ.

*ಎಲ್ಲರಿಗೂ ದಾರಿ.* 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸುತ್ತದೆ. ಇಳಿಜಾರಿನ ದಾರಿಯಲ್ಲಿ ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದವಿರಬೇಕು. ಗಾಲಿಕುರ್ಚಿ ಸಾಗಲು ಬಾಗಿಲು 90 ಸೆಂಟಿಮೀಟರ್ ಅಗಲವಿದ್ದರೆ ಅನುಕೂಲ. ಈ ದಾರಿ ಹಿತ್ತಿಲಿನಿಂದಲ್ಲ, ಮುಖ್ಯ ದ್ವಾರದಿಂದಲೇ ಇರಬೇಕು. ಕಣ್ಣು ಕಾಣದವರಿಗಾಗಿ ಬ್ರೈಲ್ ಮತ್ತು ಧ್ವನಿ ಪುಸ್ತಕಗಳ ವಿಭಾಗ ಬೇಕು. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ವಿದ್ಯೆ ನೀಡಿದ ನಾಡಿನಲ್ಲಿ ಈ ವಿಷಯಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

*ಹಸ್ತಪ್ರತಿಗಳು.* ತಾಳೆಗರಿಗಳಿಗೆ ಕುಂಕುಮ, ವಿಭೂತಿ, ಅಡುಗೆ ಎಣ್ಣೆ ಹಚ್ಚಬಾರದು. ಒದ್ದೆ ಬಟ್ಟೆಯಿಂದ ಒರೆಸಬಾರದು. ಹರಿದ ಗರಿಗೆ ಅಂಟುಪಟ್ಟಿ ಹಾಕಬಾರದು. ತಜ್ಞರ ಕೈಯಿಂದ ಶುಚಿಗೊಳಿಸಿ, ಪ್ರತಿ ಗರಿಯ ಎರಡೂ ಬದಿಯ ಡಿಜಿಟಲ್ ಚಿತ್ರ ತೆಗೆಸಿ, ಆ ಚಿತ್ರಗಳನ್ನು ಓದುಗರಿಗೆ ಮುಕ್ತವಾಗಿ ಕೊಡಬೇಕು. ಮೂಲ ಪ್ರತಿ ಹತ್ತಿ ಬಟ್ಟೆಯಲ್ಲಿ, ಮರದ ಹಲಗೆಗಳ ನಡುವೆ ವಿಶ್ರಮಿಸಲಿ. ಅದರ ಮಾತು ಮಾತ್ರ ಹೊರಗೆ ಸಂಚರಿಸಲಿ.

ಹೊಸ್ತಿಲ ಪ್ರಶ್ನೆ

ಇವೆಲ್ಲವೂ ಸರಿಯಾದರೂ ಗ್ರಂಥಾಲಯ ಸೋಲಬಹುದು. ಸುಣ್ಣ ಬಳಿದ ಗೋಡೆ, ಹೊಳೆಯುವ ಕಪಾಟು, ಉದ್ಘಾಟನೆಯ ಶಿಲಾಫಲಕ ಎಲ್ಲ ಇದ್ದು, ಬೀಗದ ಕೈ ಮಾತ್ರ ಒಬ್ಬರ ಕಿಸೆಯಲ್ಲಿ ಉಳಿದ ಉದಾಹರಣೆಗಳು ನಮ್ಮ ನಡುವೆ ಕಡಿಮೆಯಿಲ್ಲ. ಹಳೆಯ ವಾಡೆಯ ಹೊಸ್ತಿಲಿಗೆ ಒಂದು ನೆನಪಿದೆ. ಯಾರು ಒಳಗೆ ಬರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು, ಹೆಣ್ಣುಮಕ್ಕಳು ಎಲ್ಲಿಯವರೆಗೆ ಬರಬಹುದು ಎಂಬುದನ್ನು ಆ ಹೊಸ್ತಿಲು ತಲೆಮಾರುಗಳ ಕಾಲ ನಿರ್ಣಯಿಸಿದೆ. ಅಂಗಳದಲ್ಲಿ ನಿಂತವರ ಮೊಮ್ಮಕ್ಕಳು ಇಂದು ಒಳಬರಲು ಹಿಂಜರಿದರೆ ತಪ್ಪು ಅವರದಲ್ಲ. ಬಾಗಿಲು ತೆರೆದಿಟ್ಟು ಕಾಯುವುದಷ್ಟೇ ಸಾಲದು, ಹೊರಗೆ ಹೋಗಿ ಕರೆತರಬೇಕು.

ಕಲ್ಯಾಣದ ಅನುಭವ ಮಂಟಪದಲ್ಲಿ ನಾನಾ ಕಾಯಕದವರು, ಸ್ತ್ರೀಪುರುಷರು ಸಮಾನರಾಗಿ ಕುಳಿತು ಚರ್ಚಿಸಿದರೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಹೆಮ್ಮೆಗೆ ಇಂದಿನ ಆಚಾರ ಬೇಕಾದರೆ ಕೆಲವು ನಿಯಮಗಳು ಸಾಕು. ಸದಸ್ಯತ್ವಕ್ಕೆ ಜಾತಿ, ಮತ, ಊರಿನ ಪ್ರಶ್ನೆ ಇರಬಾರದು. ಹೊಲದ ಕೆಲಸ ಮುಗಿಸಿ ಬರುವವರಿಗಾಗಿ ಸಂಜೆ ಹೊತ್ತು ತೆರೆದಿರಬೇಕು. ಹೆಣ್ಣುಮಕ್ಕಳಿಗೆ ಶುಚಿಯಾದ ಶೌಚಾಲಯ, ಹೋಗಿಬರುವ ದಾರಿಯಲ್ಲಿ ದೀಪ ಇರಬೇಕು. ಸಮಿತಿಯಲ್ಲಿ ಮಹಿಳೆಯರೂ ಓದುವ ಯುವಕರೂ ಇರಬೇಕು. ಮಠದ ಪ್ರಕಟಣೆಗಳ ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆ, ಕೃಷಿ, ವಿಜ್ಞಾನ, ಮಕ್ಕಳ ಕಥೆ, ಇತರ ಧರ್ಮಗಳ ಗ್ರಂಥಗಳೂ ಇರಬೇಕು. ನಮ್ಮನ್ನು ಟೀಕಿಸುವ ಪುಸ್ತಕಕ್ಕೂ ಕಪಾಟಿನಲ್ಲಿ ಜಾಗವಿರಬೇಕು.

ಹಣದ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಕಟ್ಟಡಕ್ಕೆ ದಾನ ನೀಡುವವರು ಸಿಗುತ್ತಾರೆ, ಏಕೆಂದರೆ ಕಟ್ಟಡದ ಮೇಲೆ ಹೆಸರು ಕೆತ್ತಿಸಬಹುದು. ಗ್ರಂಥಪಾಲಕರ ವೇತನಕ್ಕೆ ಹೆಸರು ಕೆತ್ತಿಸಲಾಗದು, ಆದರೆ ಗ್ರಂಥಾಲಯ ಉಳಿಯುವುದು ಅದರಿಂದಲೇ. ಸಂಗ್ರಹವಾದ ಹಣದ ಒಂದು ಪಾಲನ್ನು ಮೊದಲೇ ಶಾಶ್ವತ ನಿಧಿಯಾಗಿ ಇರಿಸಿ, ಅದರ ಬಡ್ಡಿಯಿಂದ ವೇತನ, ಹೊಸ ಪುಸ್ತಕ, ವರ್ಷಕ್ಕೊಮ್ಮೆ ಮಾಳಿಗೆಯ ದುರಸ್ತಿ ನಡೆಯುವಂತೆ ಮಾಡಬೇಕು. ಇದು ಅನ್ನ ದಾಸೋಹದ ಲೆಕ್ಕದಂತೆಯೇ. ಒಂದು ದಿನದ ಹಬ್ಬದೂಟವನ್ನು ದಾಸೋಹ ಎನ್ನುವುದಿಲ್ಲ, ನಿತ್ಯ ಒಲೆ ಉರಿಯಬೇಕು.

ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಅಧ್ಯಯನ ಸಂಸ್ಥೆಯ ಮೂಲಕ ನೂರಾರು ಕೃತಿಗಳನ್ನು ಪ್ರಕಟಿಸಿ, ಪುಸ್ತಕವೂ ಮಠದ ಕಾಯಕವೇ ಎಂದು ತೋರಿಸಿಕೊಟ್ಟರು. ಪ್ರಕಟವಾದ ಪುಸ್ತಕ ಓದುಗನ ಕೈ ಸೇರುವ ಸ್ಥಳವನ್ನು ಸಿದ್ಧಪಡಿಸುವುದು ಆ ಕಾಯಕದ ಮುಂದಿನ ಹೆಜ್ಜೆ.

ವೈಸರಾಯ್‌ನ ಅರಮನೆ ಜನರ ಓದಿನ ಮನೆಯಾಗಬಹುದಾದರೆ, ಕೈದಿಗಳ ನೆಲಮಾಳಿಗೆ ವಾಚನಾಲಯವಾಗಬಹುದಾದರೆ, ನಮ್ಮ ಊರಿನ ಬೀಗ ಬಿದ್ದ ವಾಡೆಗೂ ಆ ಭಾಗ್ಯ ದೊರೆಯಬಹುದು. ತಮ್ಮ ಊರಿನಲ್ಲಿ ಇಂಥ ಕಟ್ಟಡವಿದ್ದರೆ ಸದ್ಭಕ್ತರು ಮುಂದಿನ ಮಳೆಗಾಲಕ್ಕೆ ಮೊದಲು ಒಮ್ಮೆ ಹೋಗಿ ಅದರ ಮಾಳಿಗೆಯನ್ನು ನೋಡಿಬರಲಿ. ಜೆಫರ್ಸನ್ ಮಾರ್ಕೆಟ್ಟಿನ ಜನರಿಗೆ ಗಡಿಯಾರದಿಂದ ಆರಂಭವಾದ ಕೆಲಸ ನಮಗೆ ಸೋರುವ ಒಂದು ಮೂಲೆಯನ್ನು ಮುಚ್ಚುವುದರಿಂದ ಆರಂಭವಾಗಬಹುದು.